ಫೈಲು ನಮ್ಮಲ್ಲಿರಲಿ, ವಿಳಾಸ ನಮ್ಮದಾಗಿರಲಿ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಆಯಸ್ಸು ಮುಗಿಯಿತು ಎಂದು ಮೈಕ್ರೋಸಾಫ್ಟ್ ಸಾರಿತು. ಕಂಪ್ಯೂಟರುಗಳೇನೂ ಅವತ್ತು ಕೆಟ್ಟು ನಿಲ್ಲಲಿಲ್ಲ. ತಿಂಗಳು ತಿಂಗಳು ಬರುತ್ತಿದ್ದ ಸುರಕ್ಷತಾ ಅಪ್‌ಡೇಟ್ ನಿಂತಿತು, ಅಷ್ಟೇ. ವಿಂಡೋಸ್ 11 ಹಾಕಿಕೊಳ್ಳೋಣವೆಂದರೆ ಅದು ಟಿಪಿಎಂ 2.0 ಎಂಬ ಸುರಕ್ಷತಾ ಚಿಪ್ ಕೇಳುತ್ತದೆ, ಹೊಸ ತಲೆಮಾರಿನ ಪ್ರೊಸೆಸರ್ ಕೇಳುತ್ತದೆ. ಆನೇಕಲ್ ತಾಲ್ಲೂಕು ಕಚೇರಿಯ ಆಸುಪಾಸಿನ ಟೈಪಿಂಗ್ ಅಂಗಡಿಗಳಲ್ಲಿ, ಜಿಗಣಿ-ಬೊಮ್ಮಸಂದ್ರದ ಸಣ್ಣ ಲೇತ್ ಶೆಡ್ಡುಗಳ ಮೂಲೆ ಮೇಜಿನ ಮೇಲೆ, ಶಾಲೆಗಳ ಆಫೀಸಿನಲ್ಲಿ ಇರುವ ಕಂಪ್ಯೂಟರುಗಳಲ್ಲಿ ಎಷ್ಟೋ ಈ ಪರೀಕ್ಷೆಯಲ್ಲಿ ಫೇಲಾದವು. ನನ್ನ ಅಂಗಡಿಯವೂ ಅದರಲ್ಲಿ ಸೇರಿದ್ದವು. "ಸಿಸ್ಟಮ್ ಚೆನ್ನಾಗೇ ಓಡ್ತಾ ಇದೆ ಅಕ್ಕ, ಆದ್ರೂ ಗುಜರಿಗೆ ಹಾಕ್ಬೇಕಂತೆ" ಎಂದು ಜಿಗಣಿಯ ಶೆಡ್ ಮಾಲೀಕರೊಬ್ಬರು ಸಿಪಿಯು ಡಬ್ಬಿಯನ್ನೇ ಸ್ಕೂಟರಿನಲ್ಲಿ ತಂದು ನನ್ನ ಕೌಂಟರ್ ಮೇಲೆ ಇಟ್ಟರು.

ಇನ್ನೊಂದು ವರ್ಷ ಅಪ್‌ಡೇಟ್ ಬೇಕಾದರೆ ಮೈಕ್ರೋಸಾಫ್ಟಿನವರು ನಮ್ಮಂಥವರಿಗೆ ಮೂರು ದಾರಿ ತೋರಿಸಿದ್ದರು: ಕಂಪ್ಯೂಟರಿನ ಸೆಟ್ಟಿಂಗ್‌ಗಳನ್ನು ಅವರ ಕ್ಲೌಡಿಗೆ ಬ್ಯಾಕಪ್ ಮಾಡುವುದು, ಅವರ ರಿವಾರ್ಡ್ ಪಾಯಿಂಟ್ ಕೊಡುವುದು, ಇಲ್ಲವೇ 30 ಡಾಲರ್ ಕಟ್ಟುವುದು. ಯುರೋಪಿನ ಮನೆ ಬಳಕೆದಾರರಿಗೆ ಮಾತ್ರ ದುಡ್ಡೂ ಬೇಡ, ಬ್ಯಾಕಪ್ಪಿನ ಷರತ್ತೂ ಬೇಡ ಎಂದಾಯಿತು. ಅಲ್ಲಿನ ಗ್ರಾಹಕ ಸಂಘಟನೆಗಳು ಪಟ್ಟು ಹಿಡಿದು ಕೇಳಿದ್ದವು, ಅವರ ಬೆನ್ನಿಗೆ ಕಾನೂನಿತ್ತು. ಕಂಪ್ಯೂಟರ್ ಅದೇ, ಸಾಫ್ಟ್‌ವೇರೂ ಅದೇ. ನಮಗೊಂದು ನ್ಯಾಯ, ಅವರಿಗೊಂದು ನ್ಯಾಯ. ಯುರೋಪಿನವರು ಈ ವಿಷಯದಲ್ಲಿ ಏನು ಮಾಡುತ್ತಿದ್ದಾರೆ ಎಂದು ನಾನು ಗಮನವಿಟ್ಟು ನೋಡತೊಡಗಿದ್ದು ಆಗಿನಿಂದ.

ನನ್ನದು ಟೈಪಿಂಗ್, ಜೆರಾಕ್ಸ್, ಆನ್‌ಲೈನ್ ಅರ್ಜಿಗಳ ಅಂಗಡಿ. ಪಹಣಿ, ಜಾತಿ-ಆದಾಯ ಪ್ರಮಾಣಪತ್ರ, ಋಣಭಾರ ಪತ್ರ, ಕ್ರಯಪತ್ರದ ಕರಡು, ಕಾರ್ಖಾನೆ ಬಿಟ್ಟವರ ಪಿಎಫ್ ಅರ್ಜಿ, ಮಕ್ಕಳ ಸ್ಕಾಲರ್‌ಶಿಪ್ ಎಲ್ಲವೂ ಇಲ್ಲಿಗೇ ಬರುತ್ತವೆ. ಜನರ ಬದುಕಿನ ಎಷ್ಟು ಭಾಗ ಒಂದು ಇಮೇಲ್ ವಿಳಾಸಕ್ಕೆ ಜೋತುಬಿದ್ದಿದೆ ಎಂಬುದು ಇಲ್ಲಿ ಕೂತರೆ ಗೊತ್ತಾಗುತ್ತದೆ. ಮೊಬೈಲ್ ಕೊಂಡಾಗ ಅಂಗಡಿಯ ಹುಡುಗ ಮಾಡಿಕೊಟ್ಟ ಮೇಲ್ ಐಡಿಯ ಪಾಸ್‌ವರ್ಡ್ ಮನೆಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಪಿಎಫ್, ಬ್ಯಾಂಕು, ಮಗಳ ಕಾಲೇಜು ಎಲ್ಲವೂ ಅದೇ ಐಡಿಗೆ ಕಟ್ಟಿರುತ್ತವೆ. ನಮ್ಮೂರಿನ ರೇಷ್ಮೆ ನೇಕಾರರ ಮನೆಯ ಹೆಣ್ಣುಮಗಳೊಬ್ಬಳು ಮಗ್ಗದ ಸೀರೆಗಳ ಫೋಟೋ, ಗಿರಾಕಿಗಳ ಆರ್ಡರು ಎಲ್ಲವನ್ನೂ ಒಂದು ಉಚಿತ ಖಾತೆಯಲ್ಲಿ ಇಟ್ಟಿದ್ದಳು. ಒಂದು ದಿನ ಆ ಖಾತೆ 'ನಿಯಮ ಉಲ್ಲಂಘನೆ' ಎಂಬ ಒಂದು ಸಾಲಿನೊಂದಿಗೆ ಮುಚ್ಚಿಹೋಯಿತು. ಯಾವ ನಿಯಮ ಎಂದು ಕೇಳಲು ಫೋನ್ ನಂಬರಿಲ್ಲ, ಹೋಗಿ ನಿಲ್ಲಲು ಕಚೇರಿಯಿಲ್ಲ. ಮೇಲ್ಮನವಿಯ ಫಾರಂ ತುಂಬಿದರೆ ಯಂತ್ರವೇ ಉತ್ತರ ಬರೆಯುತ್ತದೆ. ತಹಸೀಲ್ದಾರರ ಕಚೇರಿಯಲ್ಲಿ ಕೆಲಸ ತಡವಾದರೂ ಕೂಗಾಡಲಾದರೂ ಒಬ್ಬ ಮನುಷ್ಯ ಸಿಗುತ್ತಾನೆ.

ಯುರೋಪಿನಲ್ಲಿ ಈ ಚಿಂತೆ ಸರ್ಕಾರಗಳ ಮಟ್ಟಕ್ಕೇ ಏರಿದೆ. ಜರ್ಮನಿಯ ಉತ್ತರ ತುದಿಯ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯ 2024ರ ಏಪ್ರಿಲ್‌ನಲ್ಲಿ ತನ್ನ ಸುಮಾರು 30,000 ಸರ್ಕಾರಿ ಕಂಪ್ಯೂಟರುಗಳನ್ನು ಮೈಕ್ರೋಸಾಫ್ಟ್ ಆಫೀಸಿನಿಂದ ಲಿಬ್ರೆ ಆಫೀಸಿಗೆ ಬದಲಿಸುವುದಾಗಿ ಹೇಳಿತು. 2025ರ ಅಕ್ಟೋಬರ್ ಹೊತ್ತಿಗೆ 40,000ಕ್ಕೂ ಹೆಚ್ಚು ಮೇಲ್‌ಬಾಕ್ಸ್‌ಗಳನ್ನು ಮೂಲ ಬರಹ ಎಲ್ಲರಿಗೂ ತೆರೆದಿರುವ ಮುಕ್ತ ತಂತ್ರಾಂಶಕ್ಕೆ ಸಾಗಿಸಿ ಮುಗಿಸಿತ್ತು. ಡೆನ್ಮಾರ್ಕಿನ ಡಿಜಿಟಲ್ ಸಚಿವಾಲಯ, ಫ್ರಾನ್ಸಿನ ಲಿಯಾನ್ ನಗರಾಡಳಿತ ಅದೇ ಹಾದಿ ಹಿಡಿದವು. ಫ್ರಾನ್ಸಿನ ಜಂಡಾರ್ಮರಿ ಎಂಬ ಪೊಲೀಸ್ ಪಡೆಯಂತೂ 2008ರಿಂದಲೇ ವಿಂಡೋಸಿನ ಬದಲು ಮುಕ್ತವಾದ ಉಬುಂಟು ಲಿನಕ್ಸಿನಲ್ಲಿ ಕೆಲಸ ಮಾಡುತ್ತಿದೆ. ಹಿಂದೆ ಸರಿದವರೂ ಇದ್ದಾರೆ. ಮ್ಯೂನಿಕ್ ನಗರ ಹತ್ತು ವರ್ಷಕ್ಕೂ ಮೇಲೆ ಲಿನಕ್ಸ್ ನಡೆಸಿ 2017ರಲ್ಲಿ ವಿಂಡೋಸಿಗೆ ಮರಳಲು ತೀರ್ಮಾನಿಸಿತು.

ಈಗಿನ ಅವಸರಕ್ಕೆ ಕಾರಣವಾದ ಘಟನೆಗಳಲ್ಲಿ ಒಂದು ಹೇಗ್ ನಗರದ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ್ದು. 2025ರಲ್ಲಿ ಅಮೆರಿಕ ಅದರ ಮುಖ್ಯ ಅಭಿಯೋಜಕ ಕರೀಂ ಖಾನ್ ಮೇಲೆ ನಿರ್ಬಂಧ ಹೇರಿತು. ಅವರ ಮೈಕ್ರೋಸಾಫ್ಟ್ ಮೇಲ್ ಕೈತಪ್ಪಿ ಅವರು ಸ್ವಿಟ್ಜರ್ಲೆಂಡಿನ ಪ್ರೋಟಾನ್ ಮೇಲ್‌ಗೆ ಹೋಗಬೇಕಾಯಿತೆಂದು ಅಸೋಸಿಯೇಟೆಡ್ ಪ್ರೆಸ್ ವರದಿ ಮಾಡಿತು. ನ್ಯಾಯಾಲಯಕ್ಕೆ ತಾನು ಸೇವೆ ನಿಲ್ಲಿಸಿಲ್ಲ ಎಂಬುದು ಮೈಕ್ರೋಸಾಫ್ಟಿನ ಉತ್ತರ. ಏನೇ ಇರಲಿ, ಒಂದು ದೇಶದ ಸಹಿಯಿಂದ ಇನ್ನೊಂದು ದೇಶದಲ್ಲಿ ಕೂತವರ ಅಂಚೆಪೆಟ್ಟಿಗೆಗೆ ಬೀಗ ಬೀಳಬಹುದು ಎಂಬ ಭಯ ಯುರೋಪಿನ ಕಚೇರಿಗಳಿಗೆ ಹೊಕ್ಕಿತು.

ಹಾಗಾದರೆ ನಾವೂ ಅಮೆರಿಕದ ಕಂಪನಿ ಬಿಟ್ಟು ಯುರೋಪಿನ ಕಂಪನಿ ಹಿಡಿದರೆ ಆಯಿತಲ್ಲ ಎನ್ನಬಹುದು. ಇಲ್ಲಿ ನನ್ನ ತಕರಾರಿದೆ. ನಮ್ಮ ದೇಶದಲ್ಲೇ ನಡೆದ ಮೂರು ಪ್ರಕರಣಗಳನ್ನು ಪಕ್ಕಪಕ್ಕ ಇಟ್ಟು ನೋಡಿ.

ಗುಜರಾತಿನ ವಾಡಿನಾರ್‌ನಲ್ಲಿ ನಯಾರಾ ಎನರ್ಜಿಯ ತೈಲ ಶುದ್ಧೀಕರಣ ಘಟಕವಿದೆ. ಅದರ ಅರ್ಧದಷ್ಟು ಪಾಲು, ನಿಖರವಾಗಿ ಶೇ 49.13, ರಷ್ಯಾದ ರಾಸ್‌ನೆಫ್ಟ್ ಕಂಪನಿಯದು. 2025ರ ಜುಲೈ 18ರಂದು ಐರೋಪ್ಯ ಒಕ್ಕೂಟ ಅದರ ಮೇಲೆ ನಿರ್ಬಂಧ ಹಾಕಿತು. ಕೆಲವೇ ದಿನಗಳಲ್ಲಿ ಮೈಕ್ರೋಸಾಫ್ಟ್ ನಯಾರಾದ ಮೇಲ್ ಮತ್ತಿತರ ಸೇವೆಗಳನ್ನು ನಿಲ್ಲಿಸಿತು. ನಯಾರಾ ದೆಹಲಿ ಹೈಕೋರ್ಟ್ ಮೆಟ್ಟಿಲೇರಿತು, ತಿಂಗಳ ಕೊನೆಗೆ ಸೇವೆ ಮರಳಿತು. ಮಧ್ಯೆ ಅದು ರೆಡಿಫ್‌ನ ಮೇಲ್ ಹಿಡಿದಿತ್ತು. ಇಲ್ಲಿ ನಿರ್ಬಂಧ ಬಂದದ್ದು ಯುರೋಪಿನಿಂದ. ಅವರ ಮೇಲ್ ಜರ್ಮನಿಯ ಕಂಪನಿಯೊಂದರಲ್ಲಿ ಇದ್ದಿದ್ದರೂ ಗತಿ ಬೇರೆಯಾಗುತ್ತಿರಲಿಲ್ಲ.

ಎರಡನೆಯದು ನಮ್ಮ ರಾಜ್ಯದ್ದೇ. 2025ರ ಏಪ್ರಿಲ್ 29ರಂದು ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ಪ್ರೋಟಾನ್ ಮೇಲ್ ಅನ್ನು ಭಾರತದಲ್ಲಿ ತಡೆಹಿಡಿಯಲು ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಸೆಕ್ಷನ್ ಅಡಿಯಲ್ಲಿ ಪ್ರಕ್ರಿಯೆ ಆರಂಭಿಸಬೇಕೆಂದು ಕೇಂದ್ರ ಸರ್ಕಾರಕ್ಕೆ ಆದೇಶಿಸಿದರು. ಒಂದು ವಿನ್ಯಾಸ ಸಂಸ್ಥೆಯ ಮಹಿಳಾ ಉದ್ಯೋಗಿಗಳಿಗೆ ಆ ಮೇಲ್ ಮೂಲಕ ಅಶ್ಲೀಲ ಸಂದೇಶಗಳು, ತಿರುಚಿದ ಚಿತ್ರಗಳು ಬಂದಿದ್ದವು. ಕಳಿಸಿದವರು ಯಾರೆಂದು ಪೊಲೀಸರಿಗೆ ಪತ್ತೆಯಾಗದೆ ಸಂಸ್ಥೆ ಕೋರ್ಟಿಗೆ ಹೋಗಿತ್ತು. ಆ ಹೆಣ್ಣುಮಕ್ಕಳ ನೋವು ಸಣ್ಣದಲ್ಲ. ಹಿಂದಿನ ವರ್ಷ ತಮಿಳುನಾಡಿನ ಪೊಲೀಸರೂ ಶಾಲೆಗಳಿಗೆ ಬಂದ ಹುಸಿ ಬಾಂಬ್ ಬೆದರಿಕೆಯ ಕಾರಣಕ್ಕೆ ಇದೇ ಬೇಡಿಕೆ ಇಟ್ಟಿದ್ದರು. ಪ್ರೋಟಾನ್ ಜಿನೀವಾದ ಸರ್ನ್ ಪ್ರಯೋಗಾಲಯದಲ್ಲಿ ಪರಿಚಿತರಾದ ವಿಜ್ಞಾನಿಗಳು 2014ರಲ್ಲಿ ಜನರಿಂದ ಚಂದಾ ಎತ್ತಿ ಕಟ್ಟಿದ ಸೇವೆ. ನಿಮ್ಮ ಪೆಟ್ಟಿಗೆಯಲ್ಲಿರುವ ಪತ್ರ ಅವರೇ ಓದಲಾಗದಂತೆ ಗೂಢಲಿಪಿಯಲ್ಲಿ ಇರುತ್ತದೆ. ಈ ಗುಣ ಪತ್ರಕರ್ತರಿಗೂ ಬೇಕು, ಪೀಡಕರಿಗೂ ಅನುಕೂಲ. ಪೀಡಕನನ್ನು ಹಿಡಿಯುವ ದಾರಿ ಎರಡು ದೇಶಗಳ ನಡುವಿನ ಕಾನೂನು ನೆರವಿನಲ್ಲಿದೆ, ಇಡೀ ಅಂಚೆಕಚೇರಿ ಮುಚ್ಚುವುದರಲ್ಲಿ ಇಲ್ಲ ಎಂಬುದು ನನ್ನ ಅಭಿಪ್ರಾಯ. ಆದರೆ ನನ್ನ ಅಭಿಪ್ರಾಯದಿಂದ ನನ್ನ ಗಿರಾಕಿಯ ಮೇಲ್ ಉಳಿಯುವುದಿಲ್ಲ. ನಾಳೆ ಅಂಥ ತಡೆ ಜಾರಿಯಾದರೆ ಅವರ ಪತ್ರಗಳು ಜಿನೀವಾದಲ್ಲಿ ಸುರಕ್ಷಿತವಾಗಿರುತ್ತವೆ, ಆನೇಕಲ್ಲಿನಲ್ಲಿ ತೆರೆಯುವುದಿಲ್ಲ.

ಮೂರನೆಯದು ವಿಎಲ್‌ಸಿ. ಕಿತ್ತಳೆ ಬಣ್ಣದ ಟ್ರಾಫಿಕ್ ಕೋನಿನ ಗುರುತಿರುವ ಆ ವಿಡಿಯೋ ಪ್ಲೇಯರ್ ನೋಡದವರು ಕಡಿಮೆ. ಅದು 1996ರಲ್ಲಿ ಪ್ಯಾರಿಸ್ಸಿನ ಎಕೋಲ್ ಸಾಂತ್ರಾಲ್ ಕಾಲೇಜಿನ ವಿದ್ಯಾರ್ಥಿಗಳು ಶುರುಮಾಡಿದ ಕೆಲಸ. 2001ರಿಂದ ಮುಕ್ತ ತಂತ್ರಾಂಶವಾಗಿದೆ. 2022ರಲ್ಲಿ ಅದರ ಜಾಲತಾಣವನ್ನು ಭಾರತದಲ್ಲಿ ತಡೆಹಿಡಿಯಲಾಯಿತು. ವಿಎಲ್‌ಸಿಯವರು ಇಂಟರ್ನೆಟ್ ಫ್ರೀಡಂ ಫೌಂಡೇಷನ್ ನೆರವಿನೊಂದಿಗೆ ಸರ್ಕಾರಕ್ಕೆ ನೋಟಿಸ್ ಕೊಟ್ಟ ಮೇಲೆ ಆ ವರ್ಷದ ನವೆಂಬರಿನಲ್ಲಿ ತಡೆ ತೆರವಾಯಿತು. ಆ ತಿಂಗಳುಗಳಲ್ಲಿ ನಮ್ಮ ಕಂಪ್ಯೂಟರಿನೊಳಗಿದ್ದ ವಿಎಲ್‌ಸಿಗೆ ಏನೂ ಆಗಲಿಲ್ಲ. ಮದುವೆ ವಿಡಿಯೋ, ಕರಗದ ವಿಡಿಯೋ ಎಲ್ಲ ಎಂದಿನಂತೆ ಓಡಿದವು.

ವ್ಯತ್ಯಾಸ ಇಲ್ಲಿದೆ. ಮೊದಲಿನೆರಡು ದೂರದಿಂದ ಬರುವ ಸೇವೆಗಳು, ಕೊಡುವವನ ಕೈ ನಿಂತರೆ ನಿಂತವು. ಮೂರನೆಯದು ನಮ್ಮ ಡಬ್ಬಿಯೊಳಗೆ ಬಂದು ಕೂತ ಸಾಧನ. ಕಂಪನಿಯ ಬೀಜಕ್ಕೆ ಪ್ರತಿ ಮಳೆಗಾಲದಲ್ಲೂ ಅಂಗಡಿಗೆ ಹೋಗಬೇಕು. ಮನೆಯ ವಾಡೆಯಲ್ಲಿ ಎತ್ತಿಟ್ಟ ರಾಗಿ ಬೀಜಕ್ಕೆ ಯಾರನ್ನೂ ಕೇಳಬೇಕಿಲ್ಲ. ಯುರೋಪಿನಿಂದ ನಾವು ತಂದುಕೊಳ್ಳಬೇಕಾದದ್ದು ಮುಖ್ಯವಾಗಿ ಇಂಥ ಸಾಧನಗಳನ್ನು ಎಂಬುದು ಈ ಅಂಗಡಿಯಲ್ಲಿ ಕೂತು ನಾನು ಕಂಡುಕೊಂಡ ಮಾತು.

ಲಿಬ್ರೆ ಆಫೀಸಿನ ಕಥೆ ಕೇಳಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. 1985ರಲ್ಲಿ ಜರ್ಮನಿಯ ಲೂನೆಬರ್ಗ್‌ನಲ್ಲಿ ಮಾರ್ಕೋ ಬೋರೀಸ್ ಎಂಬ ಹುಡುಗ ಕಂಪನಿ ಕಟ್ಟಿದ. ಅದರಿಂದ ಸ್ಟಾರ್ ಆಫೀಸ್ ಬಂತು. 1999ರಲ್ಲಿ ಅಮೆರಿಕದ ಸನ್ ಕಂಪನಿ ಅದನ್ನು ಕೊಂಡು, ಅದರ ಮೂಲ ಬರಹವನ್ನು ಓಪನ್ ಆಫೀಸ್ ಹೆಸರಿನಲ್ಲಿ ಎಲ್ಲರಿಗೂ ತೆರೆದಿಟ್ಟಿತು. 2010ರಲ್ಲಿ ಸನ್ ಕಂಪನಿಯನ್ನೇ ಒರಾಕಲ್ ಕೊಂಡಿತು. ಹೊಸ ಯಜಮಾನನ ಮೇಲೆ ನಂಬಿಕೆ ಬಾರದೆ, ಬರೆಯುತ್ತಿದ್ದವರಲ್ಲಿ ಬಹುಪಾಲು ಜನ ಅದೇ ಮೂಲ ಬರಹ ಎತ್ತಿಕೊಂಡು ಹೊರಬಂದರು, ಲಿಬ್ರೆ ಆಫೀಸ್ ಎಂದು ಹೆಸರಿಟ್ಟರು. ಇಂದು ಅದನ್ನು ಬರ್ಲಿನ್ನಿನ ಡಾಕ್ಯುಮೆಂಟ್ ಫೌಂಡೇಷನ್ ನೋಡಿಕೊಳ್ಳುತ್ತಿದೆ. ಯಜಮಾನ ಮೂರು ಸಲ ಬದಲಾದರೂ ಬಳಸುವವರ ಫೈಲು ತೆರೆಯುವುದು ನಿಲ್ಲಲಿಲ್ಲ. ಬೀಗದ ಕೈ ಒಬ್ಬನ ಸೊಂಟದಲ್ಲಿ ಇರಲಿಲ್ಲ, ಅದಕ್ಕೆ.

ಜಿಗಣಿಯವರ ಆ ಡಬ್ಬಿಯ ಸಂಗತಿ ಹೇಳುತ್ತೇನೆ. ನಾಲ್ಕು ಜಿಬಿ ರ‍್ಯಾಮು, ಹಳೆಯ ಹಾರ್ಡ್ ಡಿಸ್ಕು. ಮೊದಲು ಅವರ ಕೊಟೇಷನ್ನು, ಡ್ರಾಯಿಂಗು, ಬಿಲ್ಲು ಎಲ್ಲವನ್ನೂ ಹೊರಗಿನ ಡಿಸ್ಕಿಗೆ ಇಳಿಸಿಕೊಂಡೆ. ಇದನ್ನು ಮಾಡದೆ ಯಾರೂ ಮುಂದೆ ಹೋಗಬೇಡಿ. ಆಮೇಲೆ ಲಿನಕ್ಸ್ ಮಿಂಟ್ ತುಂಬಿದ ಪೆನ್‌ಡ್ರೈವ್ ಹಾಕಿ, ಆನ್ ಆಗುವಾಗ ಬೂಟ್ ಮೆನು ಒತ್ತಿ, ಪೆನ್‌ಡ್ರೈವಿನಿಂದಲೇ ಓಡಿಸಿ ತೋರಿಸಿದೆ. ಲಿನಕ್ಸಿನ ತಿರುಳು 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಬರೆದದ್ದು. ಮಿಂಟ್ 2006ರಲ್ಲಿ ಐರ್ಲೆಂಡಿನಲ್ಲಿ ನೆಲೆಸಿದ ಕ್ಲೆಮಾಂ ಲೆಫೆವ್ರ್ ಶುರುಮಾಡಿದ್ದು. ಹೀಗೆ ಪೆನ್‌ಡ್ರೈವಿನಿಂದ ಓಡಿಸುವಾಗ ಡಿಸ್ಕಿನಲ್ಲಿ ಏನೂ ಅಳಿಸಿಹೋಗುವುದಿಲ್ಲ, ಒಪ್ಪಿಗೆಯಾಗದಿದ್ದರೆ ಪೆನ್‌ಡ್ರೈವ್ ತೆಗೆದು ಹೊರಟುಬಿಡಬಹುದು. ವೈಫೈ ಹಿಡಿಯಿತು, ಸ್ಕ್ರೀನ್ ಸರಿ ಬಂತು, ಅವರ ಪ್ರಿಂಟರು ಮಾತ್ರ ಹಟ ಹಿಡಿಯಿತು. ಕೆಲವು ಹಳೆಯ ಲೇಸರ್ ಪ್ರಿಂಟರುಗಳಿಗೆ ಲಿನಕ್ಸ್ ಡ್ರೈವರ್ ಕೂರಿಸುವುದು ದೊಡ್ಡ ತಲೆನೋವು, ಕೊಳ್ಳುವ ಮುಂಚೆ ಕೇಳಿಕೊಳ್ಳಿ. ಅವರು ಪಕ್ಕದ ಶೆಡ್ಡಿನವರೊಂದಿಗೆ ಪ್ರಿಂಟರ್ ಬದಲಿಸಿಕೊಂಡರು. ಮಿಂಟ್ ತುಂಬಿಕೊಂಡ ಆ ಡಬ್ಬಿ ಈಗಲೂ ಶೆಡ್ಡಿನಲ್ಲೇ ಇದೆ, ಗುಜರಿಗೆ ಹೋಗಲಿಲ್ಲ.

ಕನ್ನಡದ ಮಟ್ಟಿಗೆ ಹೆದರಬೇಕಿಲ್ಲ. ನುಡಿ ತಂತ್ರಾಂಶದಲ್ಲಿ ನಾವು ಒತ್ತುವ ಕೆ.ಪಿ. ರಾವ್ ವಿನ್ಯಾಸದ ಕೀಲಿಮಣೆ ಲಿನಕ್ಸಿನಲ್ಲೂ ಸಿಗುತ್ತದೆ, ಬೆರಳುಗಳು ಹೊಸದಾಗಿ ಕಲಿಯುವಂಥದ್ದಿಲ್ಲ. ಗುಬ್ಬಿ, ನವಿಲು ಎಂಬ ಮುಕ್ತ ಫಾಂಟುಗಳಿವೆ. ತೊಡಕು ಬರುವುದು ಹಳೆಯ ಫೈಲುಗಳಲ್ಲಿ. ಈ ಭಾಗದ ಪತ್ರ ಬರಹಗಾರರ ಕಂಪ್ಯೂಟರುಗಳಲ್ಲಿ ವರ್ಷಗಟ್ಟಲೆಯ ಕ್ರಯಪತ್ರಗಳು ಹಳೆಯ ನುಡಿ ಫಾಂಟಿನಲ್ಲಿವೆ. ಆ ಫಾಂಟಿಲ್ಲದ ಕಡೆ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಕನ್ನಡದ ಸ್ವಯಂಸೇವಕರು ಇವನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳನ್ನು ಬರೆದು ಉಚಿತವಾಗಿ ಹಂಚಿದ್ದಾರೆ. ಒತ್ತಕ್ಷರ, ಅರ್ಕಾವತ್ತು ಎಲ್ಲಾದರೂ ಕೆಡುವುದುಂಟು, ಸರ್ವೆ ನಂಬರು ಮತ್ತು ಚಕ್ಕುಬಂದಿಯನ್ನು ಒಂದೊಂದೇ ಸಾಲು ತಾಳೆ ನೋಡಬೇಕು. ಆ ಶ್ರಮ ಒಮ್ಮೆ ಪಟ್ಟರೆ ಆ ದಾಖಲೆ ಮುಂದೆ ಯಾವ ಕಂಪ್ಯೂಟರಿನಲ್ಲಾದರೂ ಕನ್ನಡವಾಗಿಯೇ ತೆರೆಯುತ್ತದೆ.

ಎಲ್ಲವನ್ನೂ ಬಿಟ್ಟು ಬರಲಾಗುವುದಿಲ್ಲ, ಅದನ್ನೂ ಹೇಳಬೇಕು. ನನ್ನ ಅಂಗಡಿಯಲ್ಲಿ ಒಂದು ಯಂತ್ರ ಇನ್ನೂ ವಿಂಡೋಸಿನಲ್ಲೇ ಇದೆ. ಆಧಾರ್ ಬೆರಳಚ್ಚು ಯಂತ್ರಕ್ಕೆ ಬೇಕಾದ ಸಾಫ್ಟ್‌ವೇರು ವಿಂಡೋಸ್ ಮತ್ತು ಆಂಡ್ರಾಯ್ಡನ್ನೇ ನೆಚ್ಚಿಕೊಂಡಿದೆ. ಡಿಜಿಟಲ್ ಸಹಿಯ ಟೋಕನ್ನು ಲಿನಕ್ಸಿನಲ್ಲಿ ಸತಾಯಿಸುತ್ತದೆ. ನಮ್ಮ ಬೆಂಗಳೂರಿನದೇ ಆದ ಟ್ಯಾಲಿಯೂ ವಿಂಡೋಸಿಗೆಂದೇ ಮಾಡಿದ್ದು. ವಾಟ್ಸಾಪ್ ಬಿಟ್ಟರೆ ಗಿರಾಕಿಯೇ ಬಿಟ್ಟುಹೋಗುತ್ತಾನೆ.

ಇನ್ನು ಮೇಲ್. ಸೇವೆ ಬೇಡ ಎಂದರೂ ಮೇಲ್‌ಗೆ ಯಾರದಾದರೂ ಸರ್ವರ್ ಬೇಕೇ ಬೇಕು. ಬರ್ಲಿನ್ನಿನ ಪೋಸ್ಟಿಯೋ ತಿಂಗಳಿಗೆ ಒಂದು ಯೂರೋ ತೆಗೆದುಕೊಂಡು, ಜಾಹೀರಾತಿಲ್ಲದೆ 2009ರಿಂದ ನಡೆಯುತ್ತಿದೆ. ಹ್ಯಾನೋವರಿನ ಟೂಟಾ, ಜಿನೀವಾದ ಪ್ರೋಟಾನ್ ಗೂಢಲಿಪಿಯ ಮೇಲ್‌ಗೆ ಹೆಸರಾದವು, ಎರಡರಲ್ಲೂ ಉಚಿತ ಖಾತೆಯಿದೆ. ಆದರೆ ಗೂಢಲಿಪಿ ಎಂದರೆ ಕಂಪನಿಗೂ ನಿಮ್ಮ ಪತ್ರ ತೆರೆಯಲಾಗದು ಎಂದರ್ಥ. ಪಾಸ್‌ವರ್ಡನ್ನೂ ಮರುಪಡೆಯುವ ಕೋಡನ್ನೂ ಕಳೆದುಕೊಂಡರೆ ಹಳೆಯ ಪತ್ರಗಳು ಹೋದವೆಂದೇ ಲೆಕ್ಕ. ನನ್ನಲ್ಲಿ ಬರುವ ಗಿರಾಕಿಗಳಿಗೆ ಇದನ್ನು ಎರಡು ಸಲ ಹೇಳುತ್ತೇನೆ. ಕೋಡನ್ನು ಕಾಗದದಲ್ಲಿ ಬರೆಸಿ, ಮನೆಪತ್ರ ಇಡುವ ಕಡೆಯೇ ಇಡಿ ಎನ್ನುತ್ತೇನೆ. ಟೂಟಾದ ಮೇಲನ್ನು ಥಂಡರ್‌ಬರ್ಡಿನಂಥ ಬೇರೆ ಪ್ರೋಗ್ರಾಮಿಗೆ ಜೋಡಿಸಲು ಆಗುವುದಿಲ್ಲ, ಪ್ರೋಟಾನಿನಲ್ಲಿ ಅದಕ್ಕೆ ದುಡ್ಡು ಕಟ್ಟಬೇಕು. ಹಾಗಾಗಿ ಇವೂ ಒಂದು ಬಗೆಯ ಕಟ್ಟೇ. ಭಾರತದ್ದೇ ಬೇಕೆನ್ನುವವರಿಗೆ ಜೋಹೊ ಇದೆ, ಕೇಂದ್ರ ಸರ್ಕಾರದ ಸುಮಾರು 12 ಲಕ್ಷ ನೌಕರರ ಮೇಲ್ ಅದರ ವ್ಯವಸ್ಥೆಗೇ ಹೋಗಿದೆ. ದೂರು ಬಂದರೆ ನಮ್ಮ ಕಾನೂನಿಗೆ ಸಿಗುವ ಕಂಪನಿ ಎಂಬುದು ಅದರ ಬಲ. ಅದರ ಮೂಲ ಬರಹ ಮುಚ್ಚಿದ್ದು ಎಂಬುದು ನೆನಪಿರಲಿ.

ಯಾವ ಕಂಪನಿಯಾದರೂ ಸರಿ, ವ್ಯಾಪಾರ ಮಾಡುವವರು ತಮ್ಮದೇ ಡೊಮೈನ್ ಹೆಸರು ಕೊಳ್ಳಿ. ಅಂಗಡಿ ಹೆಸರಿನ ಕೊನೆಗೆ ಡಾಟ್ ಇನ್ ಎಂದು ಬರುವಂಥದ್ದು. ಪೋಸ್ಟಿಯೋ ಅದಕ್ಕೆ ಅವಕಾಶ ಕೊಡುವುದಿಲ್ಲ, ಉಳಿದವರಲ್ಲಿ ಹಣ ಕಟ್ಟಿದರೆ ಸಾಮಾನ್ಯವಾಗಿ ಸಿಗುತ್ತದೆ. ಕಂಪನಿ ಬೆಲೆ ಏರಿಸಿದರೆ, ಕೋರ್ಟು ತಡೆದರೆ, ಖಾತೆ ಮುಚ್ಚಿದರೆ ಆ ಹೆಸರನ್ನು ಇನ್ನೊಂದು ಕಂಪನಿಗೆ ತಿರುಗಿಸಬಹುದು. ಗಿರಾಕಿಗಳ ಬಳಿ ಇರುವ ವಿಳಾಸ ಬದಲಾಗುವುದಿಲ್ಲ. ಹಳೆಯ ಪತ್ರಗಳ ಒಂದು ಪ್ರತಿ ನಿಮ್ಮ ಡಿಸ್ಕಿನಲ್ಲಿರಲಿ. ಸೀರೆಯ ಆ ಹೆಣ್ಣುಮಗಳು ಈಗ ಹೀಗೇ ನಡೆಸುತ್ತಿದ್ದಾಳೆ. ಅವಳ ಹಳೆಯ ಫೋಟೋಗಳು ಮಾತ್ರ ಬರಲೇ ಇಲ್ಲ.

ಶಾಲೆಗಳ ವಿಷಯಕ್ಕೆ ಬಂದರೆ, ಗಡಿಯಾಚೆ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳನ್ನು ಇಲ್ಲಿ ನೆನೆಯಬೇಕು. ಕೇರಳ ಎರಡು ದಶಕದಷ್ಟು ಹಿಂದೆಯೇ ತನ್ನ ಶಾಲೆಗಳ ಕಂಪ್ಯೂಟರ್ ಪಾಠವನ್ನು ಲಿನಕ್ಸಿಗೆ ತಂದಿತು. ಕೈಟ್ ಎಂಬ ಸರ್ಕಾರಿ ಸಂಸ್ಥೆ ಶಾಲೆಗಳಿಗೆಂದೇ ಲಿನಕ್ಸ್ ಸಿದ್ಧಪಡಿಸಿ ಕೊಡುತ್ತದೆ. ಮಂಜೇಶ್ವರದ ಕನ್ನಡ ಶಾಲೆಯ ಮಗು ಕನ್ನಡದ ಪಠ್ಯಪುಸ್ತಕದಲ್ಲಿ ಇದನ್ನು ಓದಿ, ಅದೇ ಸಾಫ್ಟ್‌ವೇರನ್ನು ಪೈಸೆ ಕೊಡದೆ ಮನೆಯ ಕಂಪ್ಯೂಟರಿಗೂ ಹಾಕಿಕೊಳ್ಳಬಹುದು. ಇದು ಕರ್ನಾಟಕದಲ್ಲಿ ಯಾಕೆ ಆಗಬಾರದು? 1978ರಲ್ಲಿ ಕಿಯೋನಿಕ್ಸ್ ಎಂಬ ಸರ್ಕಾರಿ ಸಂಸ್ಥೆಯ ಮೂಲಕ, ಅದರ ಮುಖ್ಯಸ್ಥರಾಗಿದ್ದ ಆರ್.ಕೆ. ಬಾಳಿಗರ ಕನಸಿನಂತೆ, ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಕಟ್ಟಿದ ಸರ್ಕಾರ ನಮ್ಮದು. ಜಗತ್ತಿಗೆ ಸಾಫ್ಟ್‌ವೇರ್ ಬರೆದುಕೊಡುವ ಆ ಕಟ್ಟಡಗಳಿಗೂ ಆನೇಕಲ್ಲಿನ ಸರ್ಕಾರಿ ಶಾಲೆಗೂ ನಡುವೆ ಒಂದು ಬಸ್ ಪ್ರಯಾಣದಷ್ಟೇ ದೂರ.

ಸರ್ಕಾರಕ್ಕೆ ನನ್ನ ಕೋರಿಕೆ ಸ್ಪಷ್ಟವಾಗಿದೆ. ಬೆರಳಚ್ಚು ಯಂತ್ರ, ಡಿಜಿಟಲ್ ಸಹಿ, ಸೇವಾ ಪೋರ್ಟಲ್‌ಗಳು ಲಿನಕ್ಸಿನಲ್ಲೂ ನಡೆಯಲೇಬೇಕೆಂದು ಟೆಂಡರಿನಲ್ಲೇ ಬರೆಯಿರಿ. ಶಾಲೆಗಳಲ್ಲಿ ಮೂಲೆಗೆ ಬಿದ್ದಿರುವ ಕಂಪ್ಯೂಟರುಗಳನ್ನು ಹರಾಜು ಹಾಕುವ ಮುಂಚೆ ಒಮ್ಮೆ ಲಿನಕ್ಸ್ ಹಾಕಿ ನೋಡಿ. ಹಳದಿ ಮಾರ್ಗದ ಮೆಟ್ರೋದಲ್ಲಿ ದಿನಾ ಎಲೆಕ್ಟ್ರಾನಿಕ್ ಸಿಟಿಗೆ ಬಂದಿಳಿಯುವ ಎಂಜಿನಿಯರುಗಳೇ, ಶನಿವಾರ ಒಂದು ಹೊತ್ತು ಬಿಡುವಿದ್ದರೆ ಆನೇಕಲ್ಲಿನ ಕಡೆ ಬನ್ನಿ. ಆ ಹಟಮಾರಿ ಪ್ರಿಂಟರಿಗೆ ಡ್ರೈವರ್ ಕೂರಿಸಬಲ್ಲವರು ನಿಮ್ಮಲ್ಲಿ ಖಂಡಿತ ಇದ್ದೀರಿ.